ಬೇಕಲದ ಕಡಲ ಮೇಲೆ ಪ್ಯಾರಾಮೋಟರ್: ಏನು ಕಟ್ಟಿಕೊಳ್ಳಬೇಕು?

ಬೆನ್ನಿಗೆ ಎಂಜಿನ್ ಕಟ್ಟಿಕೊಂಡು, ತಲೆಯ ಮೇಲಿನ ಬಟ್ಟೆಯ ರೆಕ್ಕೆಯಲ್ಲಿ ಹಾರುವುದೇ ಪ್ಯಾರಾಮೋಟರ್. ಇಂಥ ತೀರಾ ಹಗುರ ವಿಮಾನಗಳಿಗೆ (ಅಲ್ಟ್ರಾಲೈಟ್) ಅಮೆರಿಕದಲ್ಲಿರುವ ನಿಯಮ ಪಾರ್ಟ್ 103, ತುರ್ತಿಗೆ ಬಿಚ್ಚುವ ಪ್ಯಾರಾಚೂಟನ್ನು ಕಡ್ಡಾಯ ಮಾಡಿಲ್ಲ. ಆದರೆ ವಿಮಾನಕ್ಕೆ ಹಾಕಿದ 254 ಪೌಂಡ್ ತೂಕದ ಮಿತಿಯಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾರವಾಯಿತೆಂದು ಯಾರೂ ಅದನ್ನು ಬಿಟ್ಟುಹೋಗಬೇಕಿಲ್ಲ. ಜಾಣತನ, ಅಲ್ವಾ?

ನಮ್ಮ ಕಾಸರಗೋಡಿನ ಹುಡುಗರಿಗೆ ನಾನು ಹೇಳುವುದು: ಹೆಲ್ಮೆಟ್‌ಗೆ ಇಎನ್ 966 (ಹಾರಾಟದ ಹೆಲ್ಮೆಟ್ಟಿನ ಯುರೋಪಿಯನ್ ಮಾನದಂಡ) ಗುರುತು ನೋಡಿ, ಅದರಲ್ಲಿ ಚರ್ಚೆ ಬೇಡ. ಕಡ್ಡಾಯ ಇರಲಿ, ಇಲ್ಲದಿರಲಿ, ಕಡಲ ಪಕ್ಕ ಹಾರುವವರು ಮೊದಲ ದುಡ್ಡು ತೇಲುವ ಸಾಧನಕ್ಕೆ ಹಾಕಿ. ಬೆನ್ನಿಗೆ ಎಂಜಿನ್ ಕಟ್ಟಿಕೊಂಡು ನೀರಿಗೆ ಬಿದ್ದರೆ ಈಜು ಬಲ್ಲವನೂ ಮುಳುಗುತ್ತಾನೆ. ನೀರು ತಗುಲಿದರೆ ತಾನೇ ಉಬ್ಬುವ ಚೀಲವನ್ನು ಎಂಜಿನ್ ಚೌಕಟ್ಟಿಗೇ ಕಟ್ಟಿ. ಅದರ ಗ್ಯಾಸ್ ಸಿಲಿಂಡರ್ ಹೊಸದೋ ಬಳಸಿದ್ದೋ, ನೋಡಿ. ದಾರ ಕತ್ತರಿಸುವ ಕೊಕ್ಕೆಯಾಕಾರದ ಚಾಕು ಎಡಗೈಗೂ ಬಲಗೈಗೂ ಎಟುಕಬೇಕು. ರೆಕ್ಕೆಯ ದಾರ ಮೈಗೆ ಸುತ್ತಿಕೊಂಡರೆ ಅದೇ ಗತಿ.

ಆಟಿಯ ತೇವಕ್ಕೆ ಪೆಟ್ಟಿಗೆಯ ಸೀರೆಗೂ ಬೂಸ್ಟು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ ರಿಸರ್ವ್ (ತುರ್ತಿನ) ಪ್ಯಾರಾಚೂಟ್ ಬಿಚ್ಚಿ, ನೆರಳಲ್ಲಿ ಆರಿಸಿ, ತಿಳಿದವರಿಂದಲೇ ಮಡಚಿಸಿ. ಏರುವ, ಇಳಿಯುವ ವೇಗ ತೋರಿಸುವ ವೇರಿಯೋಮೀಟರ್? ಆಮೇಲೆ ನೋಡೋಣ.