ಲೀಡ್ ಪರೀಕ್ಷೆ ಪಾಸಾದ ಮೇಲೆ: ಒಂದೇ ಒಂದು ಕ್ರೆಡಿಟ್ ಹಿಡಿದು ಶುರು ಮಾಡಿ

ಲೀಡ್ ಅಂದರೆ ಪರಿಸರಸ್ನೇಹಿ ಕಟ್ಟಡಗಳಿಗೆ ಅಂಕ ಕೊಟ್ಟು ಪ್ರಮಾಣಪತ್ರ ನೀಡುವ ವ್ಯವಸ್ಥೆ. ಅದರಲ್ಲಿ ಅಂಕ ತರುವ ಒಂದೊಂದು ಅಂಶವೇ ಕ್ರೆಡಿಟ್. ನಮ್ಮ ತಂಡಕ್ಕೆ ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನದಲ್ಲಿ ನಾನೂ ಕೂರುತ್ತೇನೆ. ನಾನು ತಪ್ಪದೆ ಕೇಳುವ ಪ್ರಶ್ನೆ ಇದು: "ನಿಮಗೆ ಇಷ್ಟವಾದ ಒಂದು ಕ್ರೆಡಿಟ್ ಹೇಳಿ. ಅದು ಸಿಗಬೇಕಾದರೆ ಯಾರ ಹತ್ತಿರ, ಯಾವ ಕಾಗದ, ಯಾವಾಗ ಕೇಳ್ತೀರಿ?" ಲೀಡ್ ಕಲಿಯುವವರ ಮೊದಲ ಹಂತವಾದ ಗ್ರೀನ್ ಅಸೋಸಿಯೇಟ್ ಪರೀಕ್ಷೆಯಲ್ಲಿ 100 ಪ್ರಶ್ನೆ, ಎರಡು ಗಂಟೆ ಸಮಯ. 125ರಿಂದ 200ರ ಅಳತೆಯಲ್ಲಿ 170 ಬಂದರೆ ಪಾಸು. ಕೂತು ಓದದೆ ಅಷ್ಟು ಬರುವುದಿಲ್ಲ. ಆದರೂ ನನ್ನ ಈ ಪ್ರಶ್ನೆಗೆ ತುಂಬ ಜನ ತಡವರಿಸುತ್ತಾರೆ. ಪರೀಕ್ಷೆ ಅದನ್ನು ಕೇಳಿರುವುದಿಲ್ಲ, ಅಲ್ವಾ? ಕೆಲಸ ಮಾತ್ರ ದಿನಾ ಕೇಳುವುದು ಅದನ್ನೇ.

ನಾನು ಸೈಟ್ ಎಂಜಿನಿಯರ್ ಆಗಿದ್ದವಳು. ಆಮೇಲೆ ಗ್ರೀನ್ ಬಿಲ್ಡಿಂಗ್ ಕನ್ಸಲ್ಟಿಂಗ್ ಕಡೆ ಬಂದೆ. ಪಾಸಾದ ಖುಷಿಯಲ್ಲಿ ಇರುವವರಿಗೆ ಮುಂದಿನ ಒಂದು ವರ್ಷ ಏನು ಮಾಡಬೇಕು ಅಂತ ನಾನು ಹೇಳುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಸಣ್ಣ ಕೆಲಸ ಮುಗಿಸಿ

ರೆಸ್ಯೂಮೆಯಲ್ಲಿ ಕ್ರೆಡೆನ್ಷಿಯಲ್ (ಪಡೆದ ಅರ್ಹತೆ) ಹೆಸರನ್ನು ಪೂರ್ತಿಯಾಗಿ, ಸರಿಯಾಗಿ ಬರೆಯಿರಿ. ಗ್ರೀನ್ ಅಸೋಸಿಯೇಟ್ ಆದವರು ಎಪಿ (ಅಕ್ರೆಡಿಟೆಡ್ ಪ್ರೊಫೆಷನಲ್, ಅದರ ಮುಂದಿನ ಹಂತ) ಅಂತ ಬರೆಯುವಂತಿಲ್ಲ. "ಲೀಡ್ ಸರ್ಟಿಫೈಡ್" ಅಂತ ಬರೆದುಕೊಂಡವರನ್ನೂ ನೋಡಿದ್ದೇನೆ. ಸರ್ಟಿಫಿಕೇಶನ್ ಸಿಗುವುದು ಕಟ್ಟಡಕ್ಕೆ. ಈ ಕ್ಷೇತ್ರದವರು ಅದನ್ನು ಕಂಡ ಕೂಡಲೇ ಗುರುತು ಹಿಡಿಯುತ್ತಾರೆ.

ಆಮೇಲೆ ಕ್ಯಾಲೆಂಡರಿನಲ್ಲಿ ಎರಡು ವರ್ಷದ ನಂತರದ ತಾರೀಖು ಗುರುತು ಹಾಕಿ. ಗ್ರೀನ್ ಅಸೋಸಿಯೇಟ್ ಆದವರು ಎರಡು ವರ್ಷಕ್ಕೆ 15 ಗಂಟೆ ಮುಂದುವರಿದ ಕಲಿಕೆ ತೋರಿಸಬೇಕು. ಅದರಲ್ಲಿ 3 ಗಂಟೆ ಲೀಡ್‌ಗೇ ಸಂಬಂಧಿಸಿದ್ದಾಗಿರಬೇಕು. ಎಪಿ ಆದವರಿಗೆ ಇದು 30 ಗಂಟೆ, ಅದರಲ್ಲಿ 6 ಗಂಟೆ ಲೀಡ್‌ದು. ಬಿಟ್ಟರೆ ಕ್ರೆಡೆನ್ಷಿಯಲ್ ಹೋಗುತ್ತದೆ, ಮತ್ತೆ ಪರೀಕ್ಷೆ ಬರೆಯಬೇಕು. ಕೊನೆಯ ತಿಂಗಳಲ್ಲಿ ಸಿಕ್ಕಿದ ವಿಡಿಯೋ ಎಲ್ಲ ಓಡಿಸಿ ಗಂಟೆ ತುಂಬಿಸುವವರು ಜಾಸ್ತಿ. ಅದರ ಬದಲು, ಕೆಳಗೆ ಹೇಳುವ ಹಾಗೆ ಒಂದು ವಿಷಯ ಆರಿಸಿಕೊಂಡು, ಆ ಗಂಟೆಗಳನ್ನೆಲ್ಲ ಅದಕ್ಕೇ ಕೊಡಿ.

ಯಾವ ಆವೃತ್ತಿ ಓದಿದ್ದೀರಿ ಅನ್ನುವುದೂ ಮುಖ್ಯ. ಲೀಡ್ ವಿ4, ಅಂದರೆ ನಾಲ್ಕನೇ ಆವೃತ್ತಿ, ಬಂದಿದ್ದು 2013ರಲ್ಲಿ, ಆಮೇಲೆ ವಿ4.1, 2025ರಲ್ಲಿ ವಿ5. ಒಂದು ಕಟ್ಟಡ ಸಾಮಾನ್ಯವಾಗಿ ತಾನು ನೋಂದಣಿಯಾದ ಆವೃತ್ತಿಯಲ್ಲೇ ಮುಂದುವರಿಯುತ್ತದೆ. ಹಾಗಾಗಿ ನೀವು ಹೊಸದನ್ನು ಓದಿ ಬಂದಿದ್ದರೂ ಕೈಗೆ ಸಿಗುವ ಪ್ರಾಜೆಕ್ಟ್ ಹಳೆಯದರಲ್ಲಿ ಇರಬಹುದು. ಯಾವುದೇ ಪ್ರಾಜೆಕ್ಟ್ ಬಗ್ಗೆ ಮಾತು ಬಂದರೆ ಮೊದಲ ಪ್ರಶ್ನೆ "ಯಾವ ಆವೃತ್ತಿ?" ಅಂತಲೇ ಇರಲಿ.

ಒಂದು ಕ್ರೆಡಿಟ್ ಆರಿಸಿ, ಕೊನೆಯವರೆಗೂ ಹೋಗಿ

ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಲೀಡ್‌ನಲ್ಲಿ ಒಟ್ಟು 110 ಅಂಕ. 40 ಬಂದರೆ ಸರ್ಟಿಫೈಡ್, 50ಕ್ಕೆ ಸಿಲ್ವರ್, 60ಕ್ಕೆ ಗೋಲ್ಡ್, 80ಕ್ಕೆ ಪ್ಲಾಟಿನಮ್. ಈ ಪಟ್ಟಿ ನಿಮಗೆ ಬಾಯಿಪಾಠ ಆಗಿರುತ್ತದೆ. ಆದರೆ ಪ್ರಾಜೆಕ್ಟಿನಲ್ಲಿ ನಿಮಗೆ 110 ಅಂಕದ ಹೊಣೆ ಯಾರೂ ಕೊಡುವುದಿಲ್ಲ. ಒಂದೋ ಎರಡೋ ಕ್ರೆಡಿಟ್ ಕೊಡುತ್ತಾರೆ. ಅದನ್ನು ಡ್ರಾಯಿಂಗಿನಿಂದ ಹಿಡಿದು ಲೀಡ್ ಅರ್ಜಿಯ ರಿವ್ಯೂ ಮಾಡುವವರ ಕೊನೆಯ ಮಾತಿನವರೆಗೆ ನಡೆಸಿಕೊಂಡು ಹೋಗಬಲ್ಲವರು ಬೇಕು. ಹಾಗಾಗಿ ಕೆಲಸ ಸಿಗುವ ಮುಂಚೆಯೇ ಒಂದು ಕ್ರೆಡಿಟ್ಟನ್ನು ನಿಮ್ಮದು ಮಾಡಿಕೊಳ್ಳಿ.

ಹೊಸಬರಿಗೆ ನಾನು ಸೂಚಿಸುವುದು ಒಳಾಂಗಣ ನೀರಿನ ಉಳಿತಾಯ. ಅದಕ್ಕೆ ದುಬಾರಿ ಸಾಫ್ಟ್‌ವೇರ್ ಬೇಡ. ಒಂದು ಎಕ್ಸೆಲ್ ಶೀಟ್ ಸಾಕು.

100 ಜನ ಪೂರ್ಣಾವಧಿ ಕೆಲಸ ಮಾಡುವ ಒಂದು ಆಫೀಸು ಇದೆ ಅಂದುಕೊಳ್ಳಿ. ಅರ್ಧ ಹೆಂಗಸರು, ಅರ್ಧ ಗಂಡಸರು. ವಿ4ರ ಲೆಕ್ಕದಲ್ಲಿ ದಿನಕ್ಕೆ ಹೆಂಗಸರು 3 ಸಲ ಟಾಯ್ಲೆಟ್ ಬಳಸುತ್ತಾರೆ. ಗಂಡಸರು 1 ಸಲ ಟಾಯ್ಲೆಟ್, 2 ಸಲ ಯೂರಿನಲ್. ಅಲ್ಲಿಗೆ 200 ಫ್ಲಶ್, ಒಂದಕ್ಕೆ 6 ಲೀಟರ್: 1200 ಲೀಟರ್. ಯೂರಿನಲ್ 100 ಸಲ, ಒಂದಕ್ಕೆ 3.8 ಲೀಟರ್: 380. ಕೈ ತೊಳೆಯುವುದು ತಲೆಗೆ 3 ಸಲ, ಸಲಕ್ಕೆ 30 ಸೆಕೆಂಡ್, ನಲ್ಲಿಯಿಂದ ನಿಮಿಷಕ್ಕೆ 1.9 ಲೀಟರ್: 285. ಒಟ್ಟು ದಿನಕ್ಕೆ 1865 ಲೀಟರ್. ಇದು ಹೋಲಿಕೆಗೆ ಇಟ್ಟುಕೊಳ್ಳುವ ಲೆಕ್ಕ.

ಈಗ 4.8 ಲೀಟರಿನ ಟಾಯ್ಲೆಟ್, 1.9 ಲೀಟರಿನ ಯೂರಿನಲ್, ನಿಮಿಷಕ್ಕೆ 1.3 ಲೀಟರ್ ಬಿಡುವ ನಲ್ಲಿ ಹಾಕಿ ನೋಡಿ. 960, 190, 195. ಒಟ್ಟು 1345. ಉಳಿತಾಯ ಸುಮಾರು ಶೇ 28. ಕಡ್ಡಾಯವಾದ ಶೇ 20 ದಾಟಿತು, ಶೇ 25ರ ಒಂದು ಅಂಕವೂ ಬಂತು. ಶೇ 30ಕ್ಕೆ ಎರಡನೇ ಅಂಕ. ಅದಕ್ಕೆ ಏನು ಬದಲಿಸಬೇಕು? ಟಾಯ್ಲೆಟ್ಟನ್ನು 4.5 ಲೀಟರಿಗೆ ಇಳಿಸಿ ನೋಡಿ, ಶೇ 31 ಆಗುತ್ತದೆ. ನಲ್ಲಿಯನ್ನು ಇನ್ನೂ ಬಿಗಿ ಮಾಡಿದರೆ ಅಷ್ಟೇನೂ ಸಿಗುವುದಿಲ್ಲ. ಯಾಕೆಂದರೆ ಈ ಆಫೀಸಿನಲ್ಲಿ ನೀರು ಹೋಗುತ್ತಿರುವುದು ಫ್ಲಶ್ಶಿಗೆ. ಈ ಶೀಟ್ ಮುಂದೆ ಕೂತು ಅರ್ಧ ದಿನ ಸಂಖ್ಯೆ ಬದಲಿಸಿ ಆಡಿದವರಿಗೆ ಇದು ಕೈಗೆ ಹತ್ತುತ್ತದೆ. ಕಟ್ಟಡದ ಮಾಲೀಕರು "ಇನ್ನೊಂದು ಅಂಕಕ್ಕೆ ಏನು ಮಾಡೋಣ?" ಅಂದಾಗ ಅಲ್ಲೇ ಉತ್ತರ ಕೊಡಬಹುದು.

ಲೆಕ್ಕ ಮುಗಿದ ಮೇಲೆ ಕಾಗದ. ಪ್ಲಂಬಿಂಗ್ ಡಿಸೈನರಿಂದ ಫಿಕ್ಸ್ಚರ್ (ಟಾಯ್ಲೆಟ್, ಯೂರಿನಲ್, ನಲ್ಲಿ) ಪಟ್ಟಿ. ತಯಾರಕರಿಂದ ಪ್ರತಿ ಮಾಡೆಲ್ಲಿನ ಕಟ್ ಶೀಟ್ (ವಿವರದ ಹಾಳೆ), ಅದರಲ್ಲಿ ನೀರಿನ ಪ್ರಮಾಣ ಯಾವ ಒತ್ತಡದಲ್ಲಿ ಅಳೆದದ್ದು ಅನ್ನುವುದೂ ಇರಬೇಕು. ಕಟ್ಟಡ ಬಳಸುವವರ ಸಂಖ್ಯೆ ಎಲ್ಲಿಂದ ಬಂತು ಅನ್ನುವುದಕ್ಕೆ ಮಾಲೀಕರ ಪತ್ರ. ಈ ಸಂಖ್ಯೆ ಬೇರೆ ಕ್ರೆಡಿಟ್‌ಗಳಲ್ಲೂ ಬರುತ್ತದೆ. ಎಲ್ಲ ಕಡೆ ಒಂದೇ ಇರದಿದ್ದರೆ ರಿವ್ಯೂನಲ್ಲಿ ಪ್ರಶ್ನೆ ಬಂದೇ ಬರುತ್ತದೆ.

ಕಾಗದದ ನಂತರ ಸೈಟ್. ಒಂದು ಪ್ರಾಜೆಕ್ಟಿನಲ್ಲಿ ನಾವು ಒಪ್ಪಿಕೊಂಡ ನಲ್ಲಿಯ ಮಾಡೆಲ್ ಬೇರೆ, ಸೈಟಿಗೆ ಬಂದ ಪೆಟ್ಟಿಗೆಯಲ್ಲಿದ್ದದ್ದೇ ಬೇರೆ. ಸ್ಟಾಕ್ ಇಲ್ಲ ಅಂತ ಗುತ್ತಿಗೆದಾರರು ಅದೇ ರೂಪದ, ಹೆಚ್ಚು ನೀರು ಬಿಡುವ ನಲ್ಲಿ ತರಿಸಿದ್ದರು. ನೋಡಲು ವ್ಯತ್ಯಾಸವೇ ಇಲ್ಲ. ಜೋಡಿಸುವ ಮುಂಚೆ ಪೆಟ್ಟಿಗೆ ತೆಗೆದು, ನಲ್ಲಿಯ ಬಾಯಿಗೆ ಹಾಕುವ ಏರಿಯೇಟರ್ ಮೇಲಿನ ಸಂಖ್ಯೆ ಓದಿದ್ದಕ್ಕೆ ಗೊತ್ತಾಯಿತು. ಏರಿಯೇಟರ್ ಮಾತ್ರ ಬದಲಿಸಿ ಸರಿ ಮಾಡಿದೆವು. ಗೋಡೆಗೆ ಕೂರಿಸಿ, ಕಟ್ಟಡಕ್ಕೆ ಜನ ಬಂದ ಮೇಲೆ ಗೊತ್ತಾಗಿದ್ದರೆ ಆ ಕೆಲಸ ಅಷ್ಟು ಸುಲಭ ಇರುತ್ತಿರಲಿಲ್ಲ. ನೀರು ಉಳಿಯುವುದು ನಲ್ಲಿಯಲ್ಲೇ ತಾನೇ? ಅದಕ್ಕೇ ನನ್ನ ತಂಡದ ಎಲ್ಲರನ್ನೂ ಸೈಟಿಗೆ ಕಳಿಸುತ್ತೇನೆ.

ಪ್ರಾಜೆಕ್ಟ್ ಎಲ್ಲಿ ಸಿಗುತ್ತದೆ?

ಹೊಸಬರೆಲ್ಲ ಕನ್ಸಲ್ಟಿಂಗ್ ಕಂಪನಿಗಳಿಗೇ ಅರ್ಜಿ ಹಾಕುತ್ತಾರೆ. ಹಾಕಿ, ತಪ್ಪಿಲ್ಲ. ಆದರೆ ಗುತ್ತಿಗೆದಾರರ ಕಡೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ. ನನಗೆ ಅದು ಎಲ್ಲಕ್ಕಿಂತ ಒಳ್ಳೆಯ ದಾರಿ ಅನ್ನಿಸುತ್ತದೆ.

ಲೀಡ್ ಪ್ರಾಜೆಕ್ಟಿನಲ್ಲಿ ಗುತ್ತಿಗೆದಾರರ ತಲೆ ಮೇಲೆ ದೊಡ್ಡ ಹೊರೆ ಇರುತ್ತದೆ. ಹೊರಗೆ ಹೋದ ಪ್ರತಿ ಲೋಡ್ ಕಸದ ತೂಕದ ಚೀಟಿ ಇಡಬೇಕು. ಅದು ಎಲ್ಲಿಗೆ ಹೋಯಿತು, ಎಷ್ಟು ಮರುಬಳಕೆ ಆಯಿತು ಅಂತ ತೋರಿಸಬೇಕು. ಬಳಸಿದ ಪ್ರತಿ ಪೇಂಟ್, ಅಂಟು, ಸೀಲೆಂಟ್‌ಗೆ ವಿಒಸಿ (ಆವಿಯಾಗಿ ಗಾಳಿ ಸೇರುವ ರಾಸಾಯನಿಕ) ದಾಖಲೆ ಬೇಕು. ಕೆಲಸ ನಡೆಯುವಾಗ ಏಸಿ ಡಕ್ಟುಗಳ ಬಾಯಿ ಮುಚ್ಚಿರಬೇಕು, ಅದರ ಫೋಟೋ ತಾರೀಖಿನ ಸಮೇತ ಬೇಕು. ಸೈಟ್ ಎಂಜಿನಿಯರಿಗೆ ಇದಕ್ಕೆಲ್ಲ ಪುರುಸೊತ್ತು ಇರುವುದಿಲ್ಲ. ಕೊನೆಗೆ ಎಲ್ಲ ಒಟ್ಟು ಮಾಡಲು ಹೋದಾಗ ಚೀಟಿ ಕಳೆದಿರುತ್ತದೆ, ಪೇಂಟ್ ಡಬ್ಬಿ ಎಸೆದಾಗಿರುತ್ತದೆ. "ವಾರಕ್ಕೊಮ್ಮೆ ಈ ಕಾಗದ ನಾನು ಸಂಗ್ರಹಿಸುತ್ತೇನೆ" ಅಂತ ಹೋದವರನ್ನು ಅವರು ಕೂರಿಸಿ ಮಾತಾಡಿಸುತ್ತಾರೆ. ಆರು ತಿಂಗಳು ಅಲ್ಲಿ ಇದ್ದರೆ, ಎಷ್ಟು ಪುಸ್ತಕ ಓದಿದರೂ ಬರದ ತಿಳಿವಳಿಕೆ ಬರುತ್ತದೆ.

ಕಟ್ಟಡಕ್ಕೆ ಜನ ಬರುವ ಮುಂಚಿನ ಗಾಳಿ ಬದಲಾವಣೆಯನ್ನೇ ನೋಡಿ. ವಿ4ರಲ್ಲಿ ಫ್ಲಶ್ ಔಟ್ ದಾರಿ ಹಿಡಿದರೆ ಪ್ರತಿ ಚದರ ಮೀಟರ್ ನೆಲಕ್ಕೆ 4267 ಘನ ಮೀಟರ್ ಹೊರಗಿನ ಗಾಳಿ ಹಾಯಿಸಬೇಕು, ಒಳಗಿನ ತೇವಾಂಶ ಶೇ 60 ಮೀರಬಾರದು. ಓದುವಾಗ ಇದು ಒಂದು ಸಂಖ್ಯೆ. ಸೈಟಿನಲ್ಲಿ ಇದು ಹಲವು ದಿನಗಳ ಕೆಲಸ. ಕೀಲಿ ಕೊಡುವ ತಾರೀಖು ಹತ್ತಿರ ಬಂದಾಗ ಆ ದಿನಗಳನ್ನು ಯಾರೂ ಬಿಟ್ಟುಕೊಡುವುದಿಲ್ಲ. ಶೆಡ್ಯೂಲಿನಲ್ಲಿ ಮೊದಲೇ ಜಾಗ ಕೇಳಬೇಕು ಅಂತ ಸೈಟಿನಲ್ಲಿದ್ದವರಿಗೆ ಮಾತ್ರ ತಿಳಿದಿರುತ್ತದೆ.

ನೀವು ಈಗಾಗಲೇ ಬೇರೆ ಕೆಲಸದಲ್ಲಿದ್ದರೆ ಅದನ್ನು ಬಿಟ್ಟು ಓಡಬೇಡಿ. ನೀವು ಕೂರುವ ಕಟ್ಟಡಕ್ಕೂ ನೀರಿನ ಬಿಲ್ಲು, ಕರೆಂಟ್ ಬಿಲ್ಲು ಬರುತ್ತದೆ. ಕಟ್ಟಡ ನೋಡಿಕೊಳ್ಳುವವರ ಹತ್ತಿರ ಹನ್ನೆರಡು ತಿಂಗಳ ಬಿಲ್ಲು ಕೇಳಿ. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಲೆಕ್ಕ ಹಾಕಿ. ರಾತ್ರಿ ಯಾರೂ ಇಲ್ಲದಾಗ ಮೀಟರ್ ಎಷ್ಟು ಓಡುತ್ತದೆ ನೋಡಿ. ಎರಡು ಪುಟದ ವರದಿ ಬರೆಯಿರಿ. ಸಂದರ್ಶನದಲ್ಲಿ ಆ ಎರಡು ಪುಟ ಮುಂದಿಟ್ಟವರನ್ನು ನಾನು ಮರೆಯುವುದಿಲ್ಲ.

ಎಪಿ ಯಾವಾಗ?

ಎಪಿ ಪರೀಕ್ಷೆಗೆ ಪ್ರಾಜೆಕ್ಟ್ ಅನುಭವ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು ಅಂತಾರೆ. ನನ್ನ ಅಭಿಪ್ರಾಯದಲ್ಲಿ ಒಂದು ಪ್ರಾಜೆಕ್ಟನ್ನಾದರೂ ಒಳಗಿನಿಂದ ನೋಡಿ ಆಮೇಲೆ ಬರೆಯಿರಿ. ತುಂಬ ತಡ ಮಾಡಲೂಬೇಡಿ. ಪ್ರಾಜೆಕ್ಟ್ ತಂಡದ ಮುಖ್ಯ ಸದಸ್ಯರಲ್ಲಿ ಒಬ್ಬರು ಆ ಪ್ರಾಜೆಕ್ಟಿಗೆ ಹೊಂದುವ ವಿಭಾಗದ ಎಪಿ ಆಗಿದ್ದರೆ ಕಟ್ಟಡಕ್ಕೆ ಒಂದು ಅಂಕ ಸಿಗುತ್ತದೆ. ಗ್ರೀನ್ ಅಸೋಸಿಯೇಟ್ ಇದ್ದರೆ ಈ ಅಂಕ ಇಲ್ಲ. ಸಂಬಳದ ಮಾತಿಗೆ ಕೂರುವಾಗ ಇದು ನೆನಪಿರಲಿ.

ಯಾವ ವಿಭಾಗ ಅನ್ನುವುದು ನೀವು ದಿನಾ ಮಾಡುವ ಕೆಲಸ ನೋಡಿ. ಹೊಸ ಕಟ್ಟಡ ಕಟ್ಟುವವರಿಗೆ ಬಿಡಿ ಪ್ಲಸ್ ಸಿ. ಒಳಾಂಗಣ ಮಾಡುವವರಿಗೆ ಐಡಿ ಪ್ಲಸ್ ಸಿ. ಇರುವ ಕಟ್ಟಡ ನಡೆಸುವವರಿಗೆ ಓ ಪ್ಲಸ್ ಎಂ.

ವೆಲ್ ಎಪಿ, ಎಡ್ಜ್, ಬ್ರೀಯಾಂ ಅಂತ ಇಂಥ ಬೇರೆ ಪರೀಕ್ಷೆಗಳನ್ನು ಒಂದರ ಹಿಂದೆ ಒಂದು ಬರೆಯುತ್ತಾ ಹೋಗಬೇಡಿ. ಹೆಸರಿನ ಮುಂದೆ ಅಕ್ಷರ ಜಾಸ್ತಿ ಆದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಆ ಸಮಯವನ್ನು ಒಂದು ಆಳವಾದ ಕೌಶಲಕ್ಕೆ ಕೊಡಿ.

ಕಂಪ್ಯೂಟರ್ ಮುಂದೆ ಗಂಟೆಗಟ್ಟಲೆ ಕೂರಬಲ್ಲವರಿಗೆ ಎನರ್ಜಿ ಮಾಡೆಲಿಂಗ್ ಇದೆ, ಅಂದರೆ ಕಟ್ಟಡ ಎಷ್ಟು ಶಕ್ತಿ ಬಳಸುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಆಶ್ರೇ 90.1 ಅನ್ನುವ ಶಕ್ತಿ ಬಳಕೆಯ ಮಾನದಂಡದ ಪ್ರಕಾರ ಒಂದೇ ಕಟ್ಟಡವನ್ನು ಅಲ್ಲಿ ಎರಡು ಸಲ ಕಟ್ಟಬೇಕು: ಒಂದು ನಿಯಮದ ಕಟ್ಟಡ, ಇನ್ನೊಂದು ನಿಮ್ಮದು. ಎನರ್ಜಿಪ್ಲಸ್, ಓಪನ್‌ಸ್ಟುಡಿಯೋ ಎರಡೂ ಸಾಫ್ಟ್‌ವೇರ್ ಉಚಿತ. ಕಲಿಯಲು ಸಮಯ ಹಿಡಿಯುತ್ತದೆ, ಆದರೆ ಬಲ್ಲವರು ಕಡಿಮೆ. ಸಾಮಗ್ರಿಗಳ ಕಡೆ ಒಲವಿದ್ದರೆ ಇಪಿಡಿ ಓದುವುದನ್ನು ಕಲಿಯಿರಿ. ಒಂದು ಸಾಮಗ್ರಿ ತಯಾರಾಗುವಷ್ಟರಲ್ಲಿ ಎಷ್ಟು ಇಂಗಾಲ ಹೊರಬಿತ್ತು ಅಂತ ಹೇಳುವ ದಾಖಲೆ ಅದು. ಕಾಂಕ್ರೀಟ್, ಸ್ಟೀಲ್‌ನ ಇಂಗಾಲದ ಲೆಕ್ಕಕ್ಕೆ ವಿ5ರಲ್ಲಿ ತೂಕ ಹೆಚ್ಚಾಗಿದೆ.

ನನ್ನ ಹಾಗೆ ಸೈಟಿನಿಂದ ಬಂದವರಿಗೆ ಕಮಿಷನಿಂಗ್ ಚೆನ್ನಾಗಿ ಒಗ್ಗುತ್ತದೆ. ಹಾಕಿದ ಯಂತ್ರಗಳು ಡಿಸೈನ್‌ನಲ್ಲಿ ಹೇಳಿದ ಹಾಗೆ ನಿಜವಾಗಿ ಓಡುತ್ತಿವೆಯಾ ಅಂತ ಒಂದೊಂದಾಗಿ ಪರೀಕ್ಷಿಸುವ ಕೆಲಸ. ಕಂಟ್ರೋಲ್ ರೂಮಿನ ಸ್ಕ್ರೀನ್ ಮೇಲೆ ಹೊರಗಾಳಿಯ ಡ್ಯಾಂಪರ್ (ಗಾಳಿ ಒಳಬಿಡುವ ಕದ) ಪೂರ್ತಿ ತೆರೆದಿದೆ ಅಂತ ತೋರಿಸುತ್ತಿರುತ್ತದೆ. ಮೇಲೆ ಹೋಗಿ ನೋಡಿದರೆ ಕೊಂಡಿ ಸಡಿಲವಾಗಿ ಅದು ಮುಚ್ಚಿಕೊಂಡೇ ಇರುತ್ತದೆ. ಕೆಳಗೆ ನೂರಾರು ಜನ ಹಳಸಿದ ಗಾಳಿ ಉಸಿರಾಡುತ್ತಿರುತ್ತಾರೆ. ಅದನ್ನು ಕಂಡುಹಿಡಿದ ದಿನದ ಸಮಾಧಾನ ನನಗೆ ಬೇರೆ ಯಾವ ಕೆಲಸದಲ್ಲೂ ಸಿಕ್ಕಿಲ್ಲ.

ಸಂದರ್ಶನದಲ್ಲಿ ನೀವು ಕೇಳಬೇಕಾದದ್ದು

ಕಂಪನಿ ನಿಮ್ಮನ್ನು ನೋಡುವಾಗ ನೀವೂ ಕಂಪನಿಯನ್ನು ನೋಡಿ. ಮೂರು ಪ್ರಶ್ನೆ ಕೇಳಿ. ಒಬ್ಬರ ಕೈಯಲ್ಲಿ ಒಂದೇ ಸಲಕ್ಕೆ ಎಷ್ಟು ಪ್ರಾಜೆಕ್ಟ್ ಇರುತ್ತವೆ? ನನ್ನನ್ನು ಸೈಟಿಗೆ ಕಳಿಸುತ್ತೀರಾ? ರಿವ್ಯೂ ಪ್ರಶ್ನೆಗಳಿಗೆ ಉತ್ತರ ಬರೆಯುವವರು ಯಾರು?

ಮೂರನೆಯದು ಬಹಳ ಮುಖ್ಯ. ಕಟ್ಟಡದ ಲೀಡ್ ಅರ್ಜಿ ಹಾಕಿದ ಮೇಲೆ ಮೊದಲ ರಿವ್ಯೂನಲ್ಲಿ, ಅರ್ಜಿ ಪರಿಶೀಲಿಸುವ ಸಂಸ್ಥೆಯಾದ ಜಿಬಿಸಿಐ ಕಡೆಯಿಂದ ಪ್ರತಿ ಕ್ರೆಡಿಟ್ ಬಗ್ಗೆ ಟಿಪ್ಪಣಿ ಬರುತ್ತದೆ. ಏನು ಸಾಲದು, ಏನು ಹೊಂದುತ್ತಿಲ್ಲ ಅಂತ ಅದರಲ್ಲಿ ಇರುತ್ತದೆ. ಅದಕ್ಕೆ ಉತ್ತರ ಬರೆಯುವಾಗಲೇ ನಿಜವಾದ ಕಲಿಕೆ. ನಿಮ್ಮ ಕೆಲಸ ಕಾಗದ ಅಪ್‌ಲೋಡ್ ಮಾಡುವುದಕ್ಕೇ ನಿಂತು, ಟಿಪ್ಪಣಿ ಮಾತ್ರ ಹಿರಿಯರ ಮೇಜಿಗೆ ಹೋಗುತ್ತಿದ್ದರೆ ಎರಡು ವರ್ಷವಾದರೂ ಇದ್ದಲ್ಲೇ ಇರುತ್ತೀರಿ. ಸೇರಿದ ಮೊದಲ ವಾರದಲ್ಲೇ ಕಂಪನಿಯ ಮುಗಿದ ಪ್ರಾಜೆಕ್ಟುಗಳ ಹಳೆಯ ಟಿಪ್ಪಣಿಗಳನ್ನು ಕೇಳಿ ತೆಗೆದುಕೊಳ್ಳಿ. ನೀವು ಆರಿಸಿಕೊಂಡ ಕ್ರೆಡಿಟ್ಟಿನಿಂದ ಓದಲು ಶುರು ಮಾಡಿ. ಮೊದಲು ಟಿಪ್ಪಣಿ ಓದಿ, ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ತಂಡದವರು ಕಳಿಸಿದ ಉತ್ತರ ತೆರೆದು ನೋಡಿ.