ಧೀಂಗಿಣ ಹಾಕುವಾಗ ಬಂದ ಗೆರೆ

‘ವೇಷದ ಕೈಕಾಲೆಲ್ಲ ಗೆರೆ ಗೆರೆ ಕಾಣ್ತದಲ್ಲ ಮಾರಾಯ, ಕ್ಯಾಸೆಟ್ ಹಾಳಾಗಿದ್ಯಾ?’

ತೀರ್ಥಹಳ್ಳಿ ಕಡೆಯ ಹಳೇ ಗಿರಾಕಿಯೊಬ್ಬರ ಫೋನು. 2004ರಲ್ಲಿ ಅವರ ಮನೆಯಂಗಳದಲ್ಲಿ ನಡೆದ ಹರಕೆಯ ಯಕ್ಷಗಾನವನ್ನು ಸಣ್ಣ ಡಿಜಿಟಲ್ ಕ್ಯಾಸೆಟ್ಟಿನ ಮಿನಿ ಡಿವಿ ಕ್ಯಾಮೆರಾದಲ್ಲಿ ಹಿಡಿದವನು ನಾನೇ. ಈಗ ಟಿವಿಯಲ್ಲಿ ನೋಡಲು ಪೆನ್‌ಡ್ರೈವಿಗೆ ಹಾಕಿಕೊಡು ಅಂದಿದ್ದರು. ನಮ್ಮೂರ ಮಳೆಗಾಲದಲ್ಲಿ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯುವುದು ಹೊಸತೇನಲ್ಲ. ಆದರೆ ಈ ಸಲದ ತಪ್ಪು ಕ್ಯಾಸೆಟ್ಟಿನದ್ದಲ್ಲ, ನನ್ನದು.

ಶಿವಮೊಗ್ಗದ ನನ್ನ ಕಂಪ್ಯೂಟರಿನಲ್ಲಿ ಒಂದು ಗೆರೆಯೂ ಕಂಡಿರಲಿಲ್ಲ. ಫೈಲಿನಲ್ಲಿ ‘ಇದು ಇಂಟರ್‌ಲೇಸ್’ (ಎರಡು ಅರೆಚಿತ್ರ ಹೆಣೆದದ್ದು) ಎಂಬ ಗುರುತು ಇದ್ದರೆ ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತಾನಾಗಿಯೇ ಡಿಇಂಟರ್‌ಲೇಸ್ ಮಾಡಿ, ಅಂದರೆ ಆ ಹೆಣಿಗೆ ಬಿಡಿಸಿ, ತೋರಿಸಿಬಿಡುತ್ತದೆ. ಅವರ ಎಲ್‌ಇಡಿ ಟಿವಿ ಕೇಬಲ್ಲಿನಿಂದ ಬರುವ ಚಾನೆಲ್ಲಿಗೆ ಆ ಉಪಕಾರ ಮಾಡುತ್ತಿತ್ತು, ಯುಎಸ್‌ಬಿ ಫೈಲಿಗೆ ಮಾಡಲಿಲ್ಲ.

ಪಾಲ್ ಎಂಬ ಟಿವಿ ಪದ್ಧತಿಯ ನಮ್ಮ ಹಳೇ ಕ್ಯಾಮೆರಾ ಸೆಕೆಂಡಿಗೆ 25 ಪೂರ್ತಿ ಚಿತ್ರ ಹಿಡಿಯುತ್ತಿರಲಿಲ್ಲ, 50 ಅರೆಚಿತ್ರ (ಫೀಲ್ಡ್) ಹಿಡಿಯುತ್ತಿತ್ತು. 576 ಗೆರೆಗಳಲ್ಲಿ ಒಂದು ಬಿಟ್ಟು ಒಂದರಂತೆ 288 ಮೊದಲು; ಉಳಿದ 288 ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ. ಡಬ್ಬ ಟಿವಿಯೂ ಅದೇ ಸರದಿಯಲ್ಲಿ ಗೆರೆ ಎಳೆಯುತ್ತಿದ್ದರಿಂದ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎರಡನ್ನೂ ಹೆಣೆದು ಒಂದೇ ಚಿತ್ರವಾಗಿ ನಿಲ್ಲಿಸಿದಿರೋ, ಅಲುಗಾಡದ ಚಪ್ಪರದ ಕಂಬ ಸ್ವಚ್ಛವಾಗಿರುತ್ತದೆ, ಧೀಂಗಿಣ ಹಾಕುತ್ತಿರುವ, ಅಂದರೆ ಗಿರಗಿರನೆ ಸುತ್ತಿ ಕುಣಿಯುತ್ತಿರುವ ವೇಷದ ಅಂಚಿಗೆ ಮಾತ್ರ ಬಾಚಣಿಗೆ ಹಲ್ಲು ಮೂಡುತ್ತದೆ.

ಸರಿ, ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಡಿಇಂಟರ್‌ಲೇಸ್ ಮಾಡುವ ಯಾಡಿಫ್ ಫಿಲ್ಟರ್ ಹಾಕಿ 25 ಫ್ರೇಮಿಗೆ ಇಳಿಸಿದೆ. ಗೆರೆ ಹೋಯಿತು, ಜೊತೆಗೆ ಕುಣಿತದ ಜೀವವೂ ಹೋಯಿತು! ಕ್ಯಾಮೆರಾ ಹಿಡಿದಿದ್ದ 50 ಕ್ಷಣಗಳಲ್ಲಿ 25 ಮಾತ್ರ ಉಳಿದರೆ ತಿರುಗುವ ವೇಷ ತುಂಡು ತುಂಡಾಗಿ ಕಾಣದೆ ಇನ್ನೇನಾದೀತು? ಮದುವೆಯ ಊಟದ ಪಂಕ್ತಿಗಾದರೆ ನಡೆದೀತು, ಯಕ್ಷಗಾನಕ್ಕೆ ಖಂಡಿತ ಆಗದು.

ಅದೇ ಯಾಡಿಫ್‌ನಲ್ಲಿ ಮೋಡ್ 1 ಇಟ್ಟರೆ ಪ್ರತಿ ಅರೆಚಿತ್ರದಿಂದ ಒಂದು ಪೂರ್ತಿ ಚಿತ್ರ, ಅಂದರೆ ಸೆಕೆಂಡಿಗೆ 50. ಇಲ್ಲಿ ಇನ್ನೊಂದು ಸಲ ಎಡವಿದೆ. ವಿಎಚ್‌ಎಸ್ ಟೇಪುಗಳನ್ನು ಕ್ಯಾಪ್ಚರ್ ಕಾರ್ಡಿನಲ್ಲಿ ಇಳಿಸುವ ರೂಢಿಯಿಂದ ‘ಮೇಲಿನ ಫೀಲ್ಡ್ ಮೊದಲು’, ಅಂದರೆ ಎಲ್ಲಕ್ಕಿಂತ ಮೇಲಿನ ಗೆರೆ ಇರುವ ಅರೆಚಿತ್ರ ಮೊದಲು ಎಂದು ಕೊಟ್ಟುಬಿಟ್ಟೆ. ಡಿವಿಯಲ್ಲಿ ಕೆಳಗಿನದ್ದು ಮೊದಲು. ಪ್ಲೇ ಮಾಡಿದರೆ ವೇಷ ಹೆಜ್ಜೆ ಮುಂದಿಡುತ್ತದೆ, ತುಸು ಹಿಂದಕ್ಕೆ ಬರುತ್ತದೆ, ಮತ್ತೆ ಮುಂದೆ, ಚಳಿಜ್ವರ ಬಂದವರ ಹಾಗೆ. ವಿಚಿತ್ರವೆಂದರೆ ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದರೆ ಎಲ್ಲ ಸರಿಯೇ; ಓಡಿಸಿದಾಗ ಮಾತ್ರ ನಡುಕ. ಸರದಿ ತಿದ್ದಿದ ಮೇಲೆ ಕುಣಿತ ನೀರು ಹರಿದಂತೆ ಬಂತು.

ಅಲ್ಲಿಂದೀಚೆಗೆ ಯಾವ ಟೇಪ್ ಬಂದರೂ ಮೊದಲು ಎಫ್‌ಎಫ್‌ಎಂಪೆಗ್‌ನಲ್ಲೇ ಇರುವ, ಇಂಟರ್‌ಲೇಸ್ ಪತ್ತೆಹಚ್ಚುವ ಐಡೆಟ್ ಫಿಲ್ಟರ್ ಓಡಿಸಿ, ಯಾವ ಫೀಲ್ಡ್ ಮುಂದಿದೆ, ಇಂಟರ್‌ಲೇಸ್ ನಿಜವಾಗಿ ಇದೆಯೇ ಎಂದು ನೋಡುತ್ತೇನೆ. ಟಿವಿಯಿಂದ ರೆಕಾರ್ಡ್ ಮಾಡಿಕೊಂಡ ಹಳೇ ಸಿನಿಮಾ ಇದ್ದರೆ ಎರಡು ಅರೆಚಿತ್ರಗಳೂ ಒಂದೇ ಕ್ಷಣದ್ದಾಗಿರುವುದೇ ಹೆಚ್ಚು. ಅದಕ್ಕೆ ಡಿಇಂಟರ್‌ಲೇಸ್ ಮಾಡಿದರೆ ಸುಮ್ಮನೆ ಮಸುಕು. ಸೈಜ್ ಬದಲಿಸುವುದಿದ್ದರೆ ಡಿಇಂಟರ್‌ಲೇಸ್ ಆದ ಮೇಲೆಯೇ. ಮೊದಲೇ ಹಿಗ್ಗಿಸಿದರೆ ಸಮ ಬೆಸ ಗೆರೆಗಳು ಕಲಸಿಹೋಗುತ್ತವೆ, ಆಮೇಲೆ ಯಾವ ಫಿಲ್ಟರಿಗೂ ಬೇರ್ಪಡಿಸಲು ಬಾರದು. ಗಿರಾಕಿಗೆ ಮೊದಲು ಒಂದೇ ನಿಮಿಷದ ಎರಡು ತುಣುಕು ಕಳಿಸುತ್ತೇನೆ, ಒಂದು ಇದ್ದ ಹಾಗೆ, ಇನ್ನೊಂದು 50 ಫ್ರೇಮಿನದ್ದು. ಅವರ ಟಿವಿ ಏನು ಮಾಡುತ್ತದೆಂದು ಕೂತಲ್ಲಿಂದ ಊಹಿಸುವ ದುರಭ್ಯಾಸ ಬಿಟ್ಟಿದ್ದೇನೆ.

ಪೆನ್‌ಡ್ರೈವ್ ತಲುಪಿದ ಮೇಲೆ ಅದೇ ಮನೆಯಿಂದ ಮತ್ತೊಂದು ಬೇಡಿಕೆ. ಒಳಕೋಣೆಯ ಅಜ್ಜಿಗೆ ಡಿವಿಡಿ ಬೇಕಂತೆ, ಅವರದು ಇನ್ನೂ ಡಬ್ಬ ಟಿವಿ. ಅದಕ್ಕೆ ಯಾವ ಫಿಲ್ಟರೂ ಇಲ್ಲ: ಫೀಲ್ಡುಗಳನ್ನು ಹಾಗೆಯೇ ಉಳಿಸಿ, ಕೆಳಗಿನದ್ದು ಮೊದಲು ಎಂಬ ಗುರುತಿಟ್ಟು ಡಿವಿಡಿಗೆ ಬೇಕಾದ ಎಂಪೆಗ್-2 ರೂಪಕ್ಕೆ ಮಾಡಿದೆ. ಗಂಟೆಗೆ ಸುಮಾರು 13 ಜಿಬಿ ತಿನ್ನುವ ಮೂಲ ಡಿವಿ ಫೈಲುಗಳನ್ನು ಮಾತ್ರ ಮುಟ್ಟಿಲ್ಲ, ಹಾರ್ಡ್‌ಡಿಸ್ಕಿನಲ್ಲಿವೆ.