ಕೋಡಿಂಗ್ ಬಾರದವರು ಟೆಕ್ ಮೀಟಪ್‌ಗೆ ಹೋಗಬಹುದಾ? ಹೀಗೆ ನಿರ್ಧರಿಸಿ

ನಾನು ಚಾಮರಾಜಪೇಟೆಯಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಪುಸ್ತಕಗಳ ಪುಟ ಕಟ್ಟುವುದು, ಕರಡು ತಿದ್ದುವುದು, ಹಳೆಯ ಫೈಲುಗಳನ್ನು ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡಿಗೆ ತರುವುದು, ಇದೇ ನನ್ನ ದಿನದ ಕೆಲಸ. ಪ್ರೋಗ್ರಾಮಿಂಗ್ ಬರುವುದಿಲ್ಲ. ಆದರೂ ಬೆಂಗಳೂರಿನಲ್ಲಿ ತಂತ್ರಜ್ಞಾನದ ಆಸಕ್ತರು ಸೇರಿ ಮಾತಾಡುವ ಕೂಟಗಳಾದ ಮೀಟಪ್‌ಗಳಿಗೆ ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಪ್ರೆಸ್ಸಿನ ಗೆಳತಿಯರು, ಶಾಲೆಯ ಮೇಷ್ಟ್ರುಗಳು, ಅನುವಾದ ಮಾಡುವವರು ಆಗಾಗ ಕೇಳುತ್ತಾರೆ: "ಈ ಶನಿವಾರ ಏನೋ ಮೀಟಪ್ ಇದೆಯಂತೆ. ನಮಗೆಲ್ಲ ಅರ್ಥ ಆಗುತ್ತಾ? ಹೋಗಬಹುದಾ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಅರ್ಥ ಆಗುತ್ತಾ ಅನ್ನುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಕೆಲಸದಲ್ಲಿ ಕಂಪ್ಯೂಟರಿನಿಂದ ಬಗೆಹರಿಯಬೇಕಾದ, ಆದರೆ ಬಗೆಹರಿಯದ ಒಂದು ತೊಂದರೆಯನ್ನು ಎರಡು ಸಾಲಿನಲ್ಲಿ ಬರೆಯಿರಿ. ಬರೆಯಲು ಆಯಿತಾ? ಹಾಗಾದರೆ ಹೋಗಲು ಅರ್ಧ ಕಾರಣ ಸಿಕ್ಕಿತು. ಆ ತೊಂದರೆಗೂ ಮೀಟಪ್‌ನ ವಿಷಯಕ್ಕೂ ಏನಾದರೂ ನಂಟಿದ್ದರೆ ಇನ್ನರ್ಧವೂ ಸಿಕ್ಕಿತು. ಏನೂ ಹೊಳೆಯಲಿಲ್ಲ, ಸುಮ್ನೆ ನೋಡಿ ಬರುವ ಆಸೆ ಇದೆ ಅಂದರೂ ಹೋಗಬಹುದು. ಆದರೆ ಆಗ ಯಾವ ಮೀಟಪ್ ಅನ್ನುವುದನ್ನು ಇನ್ನಷ್ಟು ಹುಷಾರಾಗಿ ಆರಿಸಬೇಕು.

ನನ್ನ ಹಾಳೆಯಲ್ಲಿದ್ದದ್ದು ಅರ್ಕಾವತ್ತು, ಅಂದರೆ "ವರ್ಷ"ದಂಥ ಪದದಲ್ಲಿ ಅಕ್ಷರದ ಪಕ್ಕ ಬರೆಯುವ ರ್ ಚಿಹ್ನೆ. ಡಿಟಿಪಿಯವರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯೂನಿಕೋಡಿನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಆದರೆ ನಮ್ಮ ಪ್ರೆಸ್ಸುಗಳಲ್ಲಿ ನಡೆದದ್ದು ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್, ಅದಕ್ಕೆ ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳು. ಆ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರ್ ಮೊದಲು ಬರಬೇಕು. ಬದಲಾಯಿಸುವ ತಂತ್ರಾಂಶ ಈ ರ್ ಅನ್ನು ಅಕ್ಷರಕ್ಕಿಂತ ಮೊದಲಿಗೆ ಎತ್ತಿ ಇಡದಿದ್ದರೆ "ವರ್ಷ" ಹೋಗಿ "ವಷರ್" ಆಗುತ್ತದೆ, "ಮಾರ್ಗ" "ಮಾಗರ್" ಆಗುತ್ತದೆ. ಇಂಥದ್ದನ್ನು ನೀವೂ ಎಲ್ಲೋ ಓದಿರುತ್ತೀರಿ, ಅಲ್ವಾ? "ಅರ್ಘ್ಯ"ದಂಥ ಪದದಲ್ಲಿ ಇನ್ನೂ ಕಷ್ಟ. ಅಲ್ಲಿ ಯ ಒತ್ತನ್ನೂ ದಾಟಿ, ಘ ಅಕ್ಷರವನ್ನೂ ದಾಟಿ ರ್ ಅವಕ್ಕಿಂತ ಮೊದಲು ಬರಬೇಕು.

ಕನ್ನಡ ಕಂಪ್ಯೂಟಿಂಗ್ ಕುರಿತ ಒಂದು ಸಣ್ಣ ಮೀಟಪ್‌ಗೆ ನಾನು ಹೀಗೆ ಕೆಟ್ಟುಹೋದ ಪದಗಳ ಪಟ್ಟಿಯನ್ನು ಪ್ರಿಂಟ್ ಹಾಕಿಸಿಕೊಂಡು ಹೋದೆ. ಎಡಗಡೆ ಸರಿಯಾದ ಪದ, ಬಲಗಡೆ ಬದಲಾದ ಮೇಲೆ ಬಂದ ಪದ. ಟೀ ಬಿಡುವಿನಲ್ಲಿ ಒಬ್ಬ ಹುಡುಗನಿಗೆ ತೋರಿಸಿದೆ. ಅವನು ಕೂತು ಪಟ್ಟಿ ಓದಿದ, ಲ್ಯಾಪ್‌ಟಾಪ್ ತೆಗೆದ, ಆಮೇಲೆ ನನ್ನನ್ನೇ ಪ್ರಶ್ನೆ ಕೇಳತೊಡಗಿದ. "ಮೇಡಂ, ಅರ್ಕಾವತ್ತಿನ ಜೊತೆ ಎರಡು ಒತ್ತು ಬರುವ ಪದ ಇದೆಯಾ? ದೀರ್ಘ ಇದ್ದಾಗ ಟೈಪ್ ಮಾಡುವ ಕ್ರಮ ಯಾವುದು?" ಕೋಡ್ ಅವನಿಗೆ ಗೊತ್ತಿತ್ತು. ಯಾವ ಪದ ಎಲ್ಲಿ ಕೆಡುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಆ ಮಧ್ಯಾಹ್ನ ಅವನ ಪ್ರೋಗ್ರಾಮಿಗೆ ನನ್ನ ಪಟ್ಟಿಯೇ ಪರೀಕ್ಷೆ ಆಯಿತು. ತಂತ್ರಾಂಶ ಬರೆಯುವವರಿಗೆ ಅದನ್ನು ದಿನಾ ಬಳಸುವವರು ಎದುರಿಗೆ ಸಿಗುವುದು ಕಡಿಮೆ. ಅದಕ್ಕೇ ನಮ್ಮಂಥವರು ಹೋಗಬೇಕು ಅಂತ ನಾನು ಒತ್ತಿ ಹೇಳುವುದು.

ಈಗ ಆಹ್ವಾನದ ಪುಟ ಓದುವ ವಿಚಾರ. ಅಲ್ಲಿ ಎಲ್ಲವೂ "ಮೀಟಪ್" ಅಂತಲೇ ಇರುತ್ತದೆ, ಆದರೆ ಒಳಗೆ ನಡೆಯುವುದು ಬೇರೆ ಬೇರೆ. ಭಾಷಣಗಳ ಮೀಟಪ್ ಅಂದರೆ ಮೂರೋ ನಾಲ್ಕೋ ಜನ ಸ್ಲೈಡ್ ತೋರಿಸಿ ಮಾತಾಡುತ್ತಾರೆ. ಹೊಸಬರು ಹಿಂದೆ ಕೂತು ಕೇಳಬಹುದು, ಯಾರೂ ಏನೂ ಕೇಳುವುದಿಲ್ಲ. ವರ್ಕ್‌ಶಾಪ್ ಆದರೆ ಲ್ಯಾಪ್‌ಟಾಪ್ ಬೇಕು, ಮೊದಲೇ ಏನೇನೋ ಇನ್‌ಸ್ಟಾಲ್ ಮಾಡಿಕೊಂಡು ಬರಬೇಕು. ಆ ಪಟ್ಟಿಯಲ್ಲಿ ಇರುವುದೇನು ಅಂತಲೇ ತಿಳಿಯದಿದ್ದರೆ ಆ ವಾರ ಬಿಡಿ. ಹ್ಯಾಕಥಾನ್ ಅಂದರೆ ತಂಡಗಳು ಸೇರಿ ಕಡಿಮೆ ಸಮಯದಲ್ಲಿ ತಂತ್ರಾಂಶ ಕಟ್ಟುವ ಕೂಟ, ಅದಕ್ಕೆ ಒಬ್ಬರೇ ಹೋಗುವುದು ಬೇಡ. ತಂಡದಲ್ಲಿ ಪರಿಚಯದವರು ಇದ್ದು, ವಿಷಯ ನಿಮ್ಮ ಕ್ಷೇತ್ರದ್ದಾಗಿದ್ದರೆ ಮಾತ್ರ ಹೋಗಿ. ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಇನ್‌ಸ್ಟಾಲ್ ಮಾಡಿಕೊಡುವ ಕೂಟಗಳಿರುತ್ತವೆ. ಅವು ಗೊತ್ತಿಲ್ಲದವರಿಗಾಗಿಯೇ ಇರುವಂಥವು. ನಿಮ್ಮ ಫೈಲುಗಳನ್ನು ಬೇರೆ ಕಡೆ ಕಾಪಿ ಇಟ್ಟುಕೊಂಡು ಹೋಗುವುದೊಂದನ್ನು ಮರೆಯಬೇಡಿ.

ಹೊಸಬರಿಗೆ ನಾನು ಮೊದಲು ಹೇಳುವುದು ಎಲ್ಲರೂ ಕೂಡಿ ಲೇಖನ ಬರೆಯುವ, ತಿದ್ದುವ ವಿಕಿಪೀಡಿಯದ ಸಂಪಾದನೋತ್ಸವ ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮ್ಯಾಪಿಂಗ್ ಕೂಟ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಬರೆಯುವವರು ಇನ್ನೂ ಬೇಕಾಗಿದ್ದಾರೆ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದದ್ದು, ಯಾರು ಬೇಕಾದರೂ ತಿದ್ದಬಹುದಾದ ಭೂಪಟ. ನಿಮ್ಮ ಬಡಾವಣೆಯ ಅಡ್ಡರಸ್ತೆಯ ಹೆಸರು, ಅರಳಿಕಟ್ಟೆ, ರೇಷನ್ ಅಂಗಡಿ, ಇವೆಲ್ಲ ಯಾವ ಇಂಜಿನಿಯರಿಗಿಂತಲೂ ನಿಮಗೆ ಚೆನ್ನಾಗಿ ಗೊತ್ತು. ಅಲ್ಲಿ ಬೇಕಾಗುವುದು ಅದೇ.

ಬೇಡ ಅನ್ನಬೇಕಾದ ಸೂಚನೆಗಳೂ ಇವೆ. ಮಾತಾಡುವವರು ಎಲ್ಲರೂ ಒಂದೇ ಕಂಪನಿಯವರು, ವಿಷಯದ ಹೆಸರೆಲ್ಲ ಆ ಕಂಪನಿಯ ಸಾಮಾನಿನ ಹೆಸರು ಅಂದರೆ ಅದು ಮಾರಾಟದ ಸಭೆ. ಮೊದಲ ಸಲಕ್ಕೆ ದುಡ್ಡು ಕೊಟ್ಟು ಹೋಗುವುದೂ ಬೇಡ. ಬೆಂಗಳೂರಿನಲ್ಲಿ ಉಚಿತ ಮೀಟಪ್‌ಗಳಿಗೆ ಬರವಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ ಬ್ಯಾಂಗ್‌ಪೈಪರ್ಸ್, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸ್ವತಂತ್ರ ತಂತ್ರಾಂಶದ ಫಾಸ್ ಯುನೈಟೆಡ್, ಮಾಹಿತಿ ಮತ್ತು ಭೂಪಟಗಳ ಡೇಟಾಮೀಟ್, ಹೀಗೆ ಬಳಗಗಳು ಬೆಳೆದ ಊರು ಇದು. ಪೈಥಾನ್‌ನ ರಾಷ್ಟ್ರೀಯ ಸಮ್ಮೇಳನ ಪೈಕಾನ್ ಇಂಡಿಯಾ ಮೊದಲು ನಡೆದದ್ದೂ ಇಲ್ಲೇ, 2009ರಲ್ಲಿ. ಹೆಣ್ಣುಮಕ್ಕಳು ಇನ್ನೊಂದನ್ನು ನೋಡಿಕೊಳ್ಳಬೇಕು: ನಡವಳಿಕೆಯ ನಿಯಮಗಳನ್ನು ಪುಟದಲ್ಲಿ ಹಾಕಿದ್ದಾರಾ, ದೂರು ಇದ್ದರೆ ಯಾರಿಗೆ ಹೇಳಬೇಕು ಅಂತ ಬರೆದಿದ್ದಾರಾ? ಅದಿಲ್ಲದ ಕಡೆಗೆ, ಅದೂ ಸಂಜೆ ಹೊತ್ತು, ನಾನು ಹೋಗುವುದಿಲ್ಲ.

ಇಷ್ಟಾದರೂ ಅನುಮಾನ ಇದ್ದರೆ ಆ ಬಳಗದ ಹಳೆಯ ಭಾಷಣ ಯೂಟ್ಯೂಬಿನಲ್ಲಿ ಇದೆಯಾ ನೋಡಿ. ಹತ್ತು ನಿಮಿಷ ಕೇಳಿ. ಕೋಡ್ ಬಂದಾಗ ಅರ್ಥವಾಗದಿದ್ದರೆ ಚಿಂತೆ ಬೇಡ. "ಈ ತೊಂದರೆ ಏಕೆ ಬಂತು" ಅಂತ ಅವರು ಹೇಳುವ ಭಾಗ ಅರ್ಥವಾದರೆ ಸಾಕು. ಆಮೇಲೆ ಆಯೋಜಕರಿಗೆ ಒಂದು ಮೆಸೇಜ್ ಹಾಕಿ. ನಾನು ಕಳಿಸುವುದು ಹೀಗಿರುತ್ತದೆ:

"ನಮಸ್ಕಾರ. ನಾನು ಕನ್ನಡ ಡಿಟಿಪಿ ಕೆಲಸ ಮಾಡುತ್ತೇನೆ, ಪ್ರೋಗ್ರಾಮಿಂಗ್ ಬರುವುದಿಲ್ಲ. ಫಾಂಟ್ ಬದಲಾವಣೆಯ ಒಂದು ತೊಂದರೆ ಬಗ್ಗೆ ಮಾತಾಡಲು ಬರಬೇಕು ಅಂತಿದ್ದೇನೆ. ಈ ಶನಿವಾರದ ಕಾರ್ಯಕ್ರಮ ನನಗೆ ಹೊಂದುತ್ತದಾ? ಲ್ಯಾಪ್‌ಟಾಪ್ ಬೇಕಾಗುತ್ತಾ?"

ಇದಕ್ಕೆ ಬರುವ ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. "ಖಂಡಿತ ಬನ್ನಿ, ಇಂಥವರನ್ನು ಭೇಟಿ ಮಾಡಿಸುತ್ತೇವೆ" ಅಂದರೆ ಕಣ್ಣು ಮುಚ್ಚಿಕೊಂಡು ಹೋಗಿ. ಉತ್ತರವೇ ಬರದಿದ್ದರೆ ಬೇರೆ ಬಳಗ ನೋಡಿ.

ದಾರಿಯ ಲೆಕ್ಕವನ್ನೂ ಹಾಕಿ. ಕೋರಮಂಗಲ, ವೈಟ್‌ಫೀಲ್ಡ್, ಹೊರವರ್ತುಲ ರಸ್ತೆಯ ಕಡೆಗೇ ಮೀಟಪ್‌ಗಳು ಜಾಸ್ತಿ. ಎರಡು ಗಂಟೆಯ ಕಾರ್ಯಕ್ರಮಕ್ಕೆ ಹೋಗಿ ಬರಲು ಮೂರು ಗಂಟೆ ಬೇಕು ಅಂದರೆ, ವಿಷಯ ನಿಮಗೆ ನಿಜವಾಗಿ ಬೇಕಾದದ್ದೇ ಆಗಿರಬೇಕು. ನಾನು ಮೆಟ್ರೋ ಹತ್ತಿರ ಇರುವುದನ್ನೇ ಮೊದಲು ಆರಿಸುತ್ತೇನೆ. ಟೆಕ್ ಪಾರ್ಕಿನ ಒಳಗಾದರೆ ಗುರುತಿನ ಚೀಟಿ ಇಟ್ಟುಕೊಳ್ಳಿ. ಗೇಟಿನಲ್ಲಿ ಹೆಸರು ಬರೆಸಬೇಕು, ಕೆಲವು ಕಡೆ ಲ್ಯಾಪ್‌ಟಾಪಿನ ಸೀರಿಯಲ್ ನಂಬರೂ ಬರೆದುಕೊಳ್ಳುತ್ತಾರೆ. ಇದಕ್ಕೆ ಕಾಲು ಗಂಟೆ ಹಿಡಿಯುತ್ತದೆ.

ಹೋದ ಮೇಲೆ ಕೆಲವು ಕಡೆ ಪರಿಚಯದ ಸುತ್ತು ಇರುತ್ತದೆ. "ನನಗೆ ಏನೂ ಗೊತ್ತಿಲ್ಲ, ಸುಮ್ನೆ ಬಂದೆ" ಅನ್ನಬೇಡಿ. ನಿಮ್ಮ ಕೆಲಸ ಏನು, ಹಾಳೆಯಲ್ಲಿ ಬರೆದ ತೊಂದರೆ ಏನು, ಅಷ್ಟು ಹೇಳಿ. ಕನ್ನಡದಲ್ಲೇ ಹೇಳಿದರೂ ನಡೆಯುತ್ತದೆ, ಪಕ್ಕದವರು ಯಾರಾದರೂ ಇಂಗ್ಲಿಷಿಗೆ ಹೇಳಿಕೊಡುತ್ತಾರೆ. ಭಾಷಣದ ನಡುವೆ ತಿಳಿಯದ ಪದಗಳನ್ನು ಬರೆದುಕೊಂಡು ಬಿಡುವಿನಲ್ಲಿ ಕೇಳಿ. ನಿಜವಾದ ಮಾತು ನಡೆಯುವುದು ಟೀ ಹೊತ್ತಿನಲ್ಲೇ, ಹಾಗಾಗಿ ಭಾಷಣ ಮುಗಿದ ಕೂಡಲೇ ಎದ್ದು ಬರಬೇಡಿ. ಭಾಷಣ ಪೂರ್ತಿ ತಲೆಯ ಮೇಲೆ ಹೋಗುತ್ತಿದೆ ಅನ್ನಿಸಿದರೆ ಮೊದಲ ಬಿಡುವಿನವರೆಗೆ ಕಾದು, ಒಬ್ಬರ ಹತ್ತಿರವಾದರೂ ಮಾತಾಡಿ, ಆಮೇಲೆ ಹೊರಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ಹೆಸರು ನೋಂದಾಯಿಸಿ ಹೋಗಲು ಆಗದಿದ್ದರೆ ಹಿಂದಿನ ದಿನವೇ ರದ್ದು ಮಾಡಿ. ಉಚಿತ ಅಂತ ಎಲ್ಲರೂ ಹೆಸರು ಹಾಕಿ ಅರ್ಧ ಜನ ಬರದಿದ್ದರೆ, ತರಿಸಿದ ತಿಂಡಿ ಹಾಳಾಗುತ್ತದೆ, ನಿಜಕ್ಕೂ ಬರಬೇಕಿದ್ದವರು ಕಾಯುವ ಪಟ್ಟಿಯಲ್ಲೇ ಉಳಿಯುತ್ತಾರೆ.

ಬೆಂಗಳೂರಿನ ಹೊರಗಿದ್ದೀರಾ? ಫಾಸ್ ಯುನೈಟೆಡ್ ಬೇರೆ ಊರುಗಳಲ್ಲೂ ಸೇರುತ್ತದೆ. ಮಂಗಳೂರಿನ ಕಡೆ ವಿಕಿಪೀಡಿಯಕ್ಕೆ ಬರೆಯುವ ಕರಾವಳಿ ವಿಕಿಮೀಡಿಯನ್ನರ ಬಳಗ ಇದೆ. 2016ರಲ್ಲಿ ತುಳು ವಿಕಿಪೀಡಿಯ ಬಂದದ್ದು ಅಲ್ಲಿನವರ ದುಡಿಮೆಯಿಂದ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಹೋಗಿ ವಿಚಾರಿಸಿ, ವಿದ್ಯಾರ್ಥಿಗಳ ಬಳಗ ಇದ್ದರೆ ಅವರೇ ಹೇಳುತ್ತಾರೆ. ನಿಮ್ಮ ಹಾಳೆಯನ್ನು ಅವರಿಗೂ ತೋರಿಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಹುಡುಗರು ಅಲ್ಲಿ ಇದ್ದೇ ಇರುತ್ತಾರೆ.